ಕುಳಿತಲ್ಲೇ ಕೃಷ್ಣಾತೀರ

ಜಮಖಂಡಿಯ ಸೀಮೆಯಲ್ಲಿ ಹೊಲದ ಗಡಿಯನ್ನು ತೋರಿಸುವುದಕ್ಕೆ ಹಿಂದಿನವರಿಗೆ ಒಂದು ಬಾಂದುಕಲ್ಲು ಸಾಕಾಗಿತ್ತು. ಕಲ್ಲು ಎಲ್ಲಿ ನಿಂತಿದೆಯೋ ಅಲ್ಲಿಗೆ ಒಬ್ಬನ ನೆಲ ಮುಗಿದು ಇನ್ನೊಬ್ಬನದು ಮೊದಲಾಗುತ್ತಿತ್ತು. ಆ ಕಲ್ಲನ್ನು ರಾತ್ರೋರಾತ್ರಿ ನಾಲ್ಕು ಮಾರು ಸರಿಸಿದವನಿಗೂ ನೆಲ ಕಳೆದುಕೊಂಡವನಿಗೂ ನಡುವೆ ಮೂರು ತಲೆಮಾರು ನಡೆಯುವಷ್ಟು ವ್ಯಾಜ್ಯ ಹುಟ್ಟುತ್ತಿತ್ತು. ಅಳತೆಯ ಇಲಾಖೆಗೆ ಇಂದಿಗೂ ಕಲ್ಲೇ ಪ್ರಮಾಣ. ಆದರೆ ಆ ಕಲ್ಲಿನ ಈಚೆ ಬೆಳೆದಿರುವುದು ಕಬ್ಬೋ, ಅರಿಷಿಣವೋ, ಗೋವಿನಜೋಳವೋ ಎಂಬ ಪ್ರಶ್ನೆ ಬಂದಾಗ ಈಗ ಸಾಕ್ಷ್ಯ ಹೇಳಬೇಕಾದದ್ದು ರೈತನ ಅಂಗಿಯ ಕಿಸೆಯಲ್ಲಿರುವ ಮೊಬೈಲು. ಅದಕ್ಕೆ ಸಾಕ್ಷ್ಯ ಒದಗಿಸುವವು ನೆಲದಿಂದ 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಕೃತಕ ಉಪಗ್ರಹಗಳು.

ಕರ್ನಾಟಕದಲ್ಲಿ ಬೆಳೆ ಸಮೀಕ್ಷೆಯು 2017ರಿಂದ ಮೊಬೈಲಿನ ಮೂಲಕ ನಡೆಯತೊಡಗಿತು. 2020ರ ಮುಂಗಾರಿನಲ್ಲಿ ರೈತನೇ ತನ್ನ ಹೊಲದಲ್ಲಿ ನಿಂತು, ಬೆಳೆಯ ಹೆಸರನ್ನು ನಮೂದಿಸಿ, ಚಿತ್ರ ತೆಗೆದು ಕಳಿಸಬಹುದಾದ ಆ್ಯಪ್ ಬಂದಿತು. ಬೆಳೆವಿಮೆ, ನೆರೆ-ಬರಗಳ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಆ ದಾಖಲೆಯೇ ಆಧಾರ. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ಉಕ್ಕಿ ಈ ನಾಡಿನ ಬೆಳೆಯನ್ನು ಹೊದ್ದುಕೊಂಡು ಮಲಗಿದುದನ್ನು ಕಂಡವರಿಗೆ, ಉತಾರದಲ್ಲಿ ಯಾವ ಬೆಳೆ ಎಂದು ಬರೆದಿದೆ ಎಂಬುದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಆ್ಯಪನ್ನು ರಚಿಸುವ ತರುಣರು ಮುಧೋಳದ ಹೊಲದಲ್ಲಿ ಕುಳಿತು ರಚಿಸುವುದಿಲ್ಲ. ಅವರ ಮೇಜು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ. ಬೆಂಗಳೂರಿನಿಂದ ಜಮಖಂಡಿಗೆ ರಸ್ತೆಯಲ್ಲಿ ಐದುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆ್ಯಪಿನಲ್ಲಿ ಒಂದು ಸಾಲು ತಿದ್ದಿದಾಗಲೆಲ್ಲ ರಾತ್ರಿಯ ಬಸ್ಸು ಹಿಡಿದು ಬಂದು, ಹೊಲದಲ್ಲಿ ನಿಂತು ನೋಡಿ, ಮರುರಾತ್ರಿ ಹಿಂದಿರುಗುವುದು ಆಗದ ಮಾತು. ಅದಕ್ಕೆ ಅವರು ಕಂಡುಕೊಂಡ ಉಪಾಯ ವಿಚಿತ್ರವಾದುದು. ತಾವು ಹೊಲಕ್ಕೆ ಹೋಗುವ ಬದಲು, ಫೋನು ಹೊಲದಲ್ಲಿದೆಯೆಂದು ಫೋನನ್ನೇ ನಂಬಿಸುವುದು!

ಅಮೆರಿಕದಲ್ಲಿ ಹುಟ್ಟುವ ಫೋನು

ಹೀಗೆ ನಂಬಿಸಲಾಗುವ ಫೋನು ಕೈಗೆ ಸಿಕ್ಕುವ ವಸ್ತುವಲ್ಲ. ಗಣಕಯಂತ್ರದ ಪರದೆಯ ಮೇಲೆ ಫೋನಿನ ಆಕಾರವೊಂದು ಮೂಡುತ್ತದೆ. ಅದರ ಗುಂಡಿಗಳನ್ನು ಒತ್ತಬಹುದು, ಆ್ಯಪನ್ನು ಅದರೊಳಗೆ ಹಾಕಬಹುದು, ಕರೆ ಬಂದಂತೆಯೂ ಬ್ಯಾಟರಿ ತೀರಿದಂತೆಯೂ ಆಟ ಹೂಡಬಹುದು. ಇದಕ್ಕೆ ಎಮ್ಯುಲೇಟರ್ ಎಂದು ಹೆಸರು. ಬಯಲಾಟದಲ್ಲಿ ಮೀಸೆ ಕಿರೀಟ ಧರಿಸಿ ಬಂದವನು ಆ ರಾತ್ರಿಯ ಮಟ್ಟಿಗೆ ಭೀಮನೇ ಆಗುವಂತೆ, ಒಳಗಿನ ಆ್ಯಪಿನ ಪಾಲಿಗೆ ಈ ವೇಷದ ಫೋನು ನಿಜವಾದ ಫೋನೇ ಆಗಿರುತ್ತದೆ.

ನಿಜವಾದ ಫೋನು ತಾನಿರುವ ಸ್ಥಳವನ್ನು ತಿಳಿಯುವ ಬಗೆಯಾದರೂ ಏನು? ಜಿಪಿಎಸ್ ಉಪಗ್ರಹಗಳು ಮೂವತ್ತರ ಆಸುಪಾಸು. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದೆ. ಅವು ಬಿಡುವಿಲ್ಲದೆ ಸಾರುವುದು, ತಾನು ಯಾರು, ಎಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂಬಿಷ್ಟನ್ನೇ. ಆ ಸಾರಿಕೆ ನೆಲ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಹೊರಟ ಹೊತ್ತನ್ನು ಬಂದು ಮುಟ್ಟಿದ ಹೊತ್ತಿನಿಂದ ಕಳೆದು ದೂರವನ್ನು ಲೆಕ್ಕ ಹಾಕುವುದು ಫೋನಿನ ಕೆಲಸ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ದೊರೆಯುತ್ತವೆ. ನಾಲ್ಕನೆಯದು ಬೇಕಾಗುವುದು ಫೋನಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲಿಕ್ಕೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರು ಏರುಪೇರು! ಭಾರತದ್ದೇ ಆದ ನಾವಿಕ್ ಉಪಗ್ರಹಗಳೂ ಇದೇ ತತ್ತ್ವದವು. ಅವುಗಳ ಸಂಚಾರವನ್ನು ನೋಡಿಕೊಳ್ಳುವ ಕೇಂದ್ರ 2013ರಲ್ಲಿ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ತೆರೆಯಿತು.

ಎಮ್ಯುಲೇಟರಿನಲ್ಲಿ ಈ ಯಾವ ಖಟಪಟಿಯೂ ಇಲ್ಲ. ಉಪಗ್ರಹವಿಲ್ಲ, ಸಾರಿಕೆಯಿಲ್ಲ, ಲೆಕ್ಕವೂ ಇಲ್ಲ. ಉತ್ತರವನ್ನೇ ನೇರವಾಗಿ ಕಿವಿಯಲ್ಲಿ ಹೇಳಿಬಿಡುವುದು. ಹೇಳದೆ ಹೋದರೆ ಅದು ತನ್ನ ಹುಟ್ಟೂರನ್ನೇ ಹಿಡಿದು ಕೂರುತ್ತದೆ. ಆಂಡ್ರಾಯ್ಡ್ ಎಮ್ಯುಲೇಟರಿನ ಹುಟ್ಟೂರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಮೌಂಟನ್ ವ್ಯೂ, ಗೂಗಲ್ ಸಂಸ್ಥೆಯ ಮುಖ್ಯ ಕಚೇರಿಯ ಅಂಗಳ. ಐಫೋನಿನ ಸಿಮ್ಯುಲೇಟರಿನಲ್ಲಿ ಸಿದ್ಧಪಡಿಸಿಟ್ಟ ಓಟದ, ಸೈಕಲ್ಲಿನ, ಮೋಟಾರಿನ ದಾರಿಗಳೂ ಆ ಸೀಮೆಯವೇ. ಹೀಗಾಗಿ ಕೃಷ್ಣಾತೀರದ ರೈತನಿಗಾಗಿ ರಚಿಸಿದ ಆ್ಯಪು ಕಣ್ಣು ಬಿಟ್ಟು ನೋಡುವ ಮೊದಲ ನೆಲ, 13,000 ಕಿಲೋಮೀಟರಿಗೂ ದೂರದ ಪರದೇಶ. ಹೊಸಬನಾದ ತಂತ್ರಜ್ಞ ಮೊದಲ ದಿನ ಬೆಚ್ಚಿಬೀಳುವುದು ಇಲ್ಲಿಯೇ: ಜಮಖಂಡಿಯ ಸರ್ವೆ ನಂಬರು ಕೇಳಿದರೆ ಆ್ಯಪು ತಲೆಯಾಡಿಸುತ್ತದೆ.

ಹಿಮಸಮುದ್ರದಲ್ಲಿ ಜಮಖಂಡಿ

ಫೋನನ್ನು ಹುಟ್ಟೂರಿನಿಂದ ಎಬ್ಬಿಸಿ ತರುವುದು ಕಷ್ಟವಲ್ಲ. ಎಮ್ಯುಲೇಟರಿನ ಪಕ್ಕದಲ್ಲಿ ನಕಾಶೆಯ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಬೇಕಾದ ಊರಿನ ಮೇಲೆ ಗುರುತು ಹಾಕಿ ಒಪ್ಪಿಸಿದರೆ ಆಯಿತು. ಇಲ್ಲವೆ ಅಂಕಿಗಳನ್ನೇ ಕೊಡಬಹುದು. ಜಮಖಂಡಿ ಇರುವುದು ಉತ್ತರ ಅಕ್ಷಾಂಶ 16.50, ಪೂರ್ವ ರೇಖಾಂಶ 75.29ರ ಸುಮಾರಿಗೆ, ಮುಧೋಳ 16.33, 75.28, ಬೀಳಗಿ 16.35, 75.62, ರಬಕವಿ-ಬನಹಟ್ಟಿ ಅವಳಿ ಊರುಗಳು 16.47, 75.11ರ ಆಸುಪಾಸು. ದಿನಕ್ಕೆ ನೂರಾರು ಬಾರಿ ಊರು ಬದಲಿಸಬೇಕಾದವರು ನಕಾಶೆಯನ್ನು ಬಿಟ್ಟು ಒಂದೇ ಸಾಲಿನ ಆಜ್ಞೆಯನ್ನು ಬರೆಯುತ್ತಾರೆ. ‘ಜಿಯೋ ಫಿಕ್ಸ್’ ಎಂದು ಬರೆದು ಮುಂದೆ ಎರಡು ಅಂಕಿ.

ಆ ಎರಡು ಅಂಕಿಗಳಲ್ಲಿ ಒಂದು ಮೋಸವಿದೆ. ಶಾಲೆಯ ಭೂಗೋಳದಿಂದ ಮೊದಲ್ಗೊಂಡು ಗೂಗಲ್ ನಕಾಶೆಯವರೆಗೆ ಎಲ್ಲರೂ ಅಕ್ಷಾಂಶವನ್ನು ಮೊದಲು ಹೇಳಿ ರೇಖಾಂಶವನ್ನು ಆಮೇಲೆ ಹೇಳುತ್ತಾರೆ. ಈ ಆಜ್ಞೆಯಾದರೋ ರೇಖಾಂಶವನ್ನು ಮೊದಲು ಕೇಳುತ್ತದೆ. ನಕಾಶೆಯಿಂದ ಅಂಕಿಗಳನ್ನು ಇದ್ದಂತೆಯೇ ಎತ್ತಿ ಇಲ್ಲಿಟ್ಟರೆ ಜಮಖಂಡಿಯ ಅಕ್ಷಾಂಶ 75.29, ರೇಖಾಂಶ 16.50 ಆಗಿಬಿಡುತ್ತದೆ. ಅದು ಎಲ್ಲಿ ಬರುತ್ತದೆಂದು ಭೂಗೋಲವನ್ನು ತಿರುಗಿಸಿ ನೋಡಬೇಕು: ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳಿಗೂ ಕರಡಿ ದ್ವೀಪಕ್ಕೂ ನಡುವಣ ಕೊರೆಯುವ ಸಮುದ್ರದಲ್ಲಿ! ಕಬ್ಬಿನ ಗದ್ದೆ ಹುಡುಕುತ್ತ ಹೊರಟವನ ಕಾಲ ಕೆಳಗೆ ಉತ್ತರ ಧ್ರುವದ ತಣ್ಣೀರು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಅಡಗಿದೆ. ಅಕ್ಷಾಂಶ 90ನ್ನು ಮೀರುವುದಿಲ್ಲ. ಗುವಾಹಟಿಯವನು ಇದೇ ತಪ್ಪು ಮಾಡಿದರೆ ಅವನ ರೇಖಾಂಶವು 91ನ್ನು ದಾಟಿರುವುದರಿಂದ ಇಂಥ ಅಕ್ಷಾಂಶವೇ ಇಲ್ಲವೆಂದು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾನೆ. ಮೌಂಟನ್ ವ್ಯೂದವನೂ ಅಷ್ಟೆ. ಅಲ್ಲಿಯ ರೇಖಾಂಶ ಪಶ್ಚಿಮಕ್ಕೆ 122. ಕನ್ನಡ ನಾಡು ಪೂರ್ತಿಯಾಗಿ 74ರಿಂದ 79ರ ನಡುವೆ ಇರುವುದರಿಂದ ತಿರುಗುಮುರುಗಾದರೂ ಅಂಕಿ ನ್ಯಾಯವಾಗಿಯೇ ಕಾಣುತ್ತದೆ. ಯಂತ್ರ ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ಅಮೆರಿಕದಲ್ಲಿ ಬಯಲಾಗುವ ತಪ್ಪು ಜಮಖಂಡಿಯಲ್ಲಿ ಬಯಲಾಗದೆ ಉಳಿಯುವುದು ಹೀಗೆ.

ಮತ್ತೊಂದು ಎಡವುಗಲ್ಲು ಹಳೆಯ ಲೆಕ್ಕದ್ದು. ಹಿಂದಿನ ಭೂಪಟಗಳಲ್ಲಿ ಡಿಗ್ರಿಯನ್ನು ಅರುವತ್ತು ಮಿನಿಟುಗಳಾಗಿ ಒಡೆಯುತ್ತಿದ್ದರು. ಆ ರೀತಿಯಲ್ಲಿ ಜಮಖಂಡಿ 16 ಡಿಗ್ರಿ 30 ಮಿನಿಟು, 75 ಡಿಗ್ರಿ 17 ಮಿನಿಟು. ಜಿಪಿಎಸ್ ಯಂತ್ರಗಳು ತಮ್ಮತಮ್ಮೊಳಗೆ ಮಾತನಾಡುವ ಎನ್‌ಎಂಇಎ ಎಂಬ ಸಂಕೇತಭಾಷೆಯೂ ಇಂದಿಗೂ ಮಿನಿಟನ್ನೇ ಬಳಸುತ್ತದೆ. ಇದನ್ನು ಅರಿಯದೆ 16.30, 75.17 ಎಂದು ಓದಿಕೊಂಡರೆ ಜಮಖಂಡಿಯು ತೆಂಕಣಕ್ಕೆ 22 ಕಿಲೋಮೀಟರು, ಪಡುವಣಕ್ಕೆ 13 ಕಿಲೋಮೀಟರು ಸರಿದು ಮುಧೋಳದ ಪಶ್ಚಿಮದ ಹೊಲಗಳಲ್ಲಿ ಹೋಗಿ ನಿಲ್ಲುತ್ತದೆ. ಹಿಮಸಮುದ್ರಕ್ಕೆ ಬಿದ್ದರೆ ತಪ್ಪೆಂದು ನೋಡಿದೊಡನೆ ತಿಳಿದೀತು. ಇದು ಹಾಗಲ್ಲ. ಅಲ್ಲಿಯೂ ಕಬ್ಬು, ಅಲ್ಲಿಯೂ ಕನ್ನಡದ ಹಳ್ಳಿ, ಅಲ್ಲಿಯೂ ಸರ್ವೆ ನಂಬರು. ಎಲ್ಲವೂ ಸರಿ, ಊರೊಂದು ಬೇರೆ. ಇಂಥ ತಪ್ಪೇ ಹೆಚ್ಚು ಅಪಾಯದ್ದು.

ಎರಡೂ ಅಂಕಿ ಸೊನ್ನೆಯಾದರೆ? ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿ. ಫೋನಿಗೆ ಸ್ಥಳವೇ ತಿಳಿಯದಿದ್ದಾಗ ಅಜಾಗರೂಕನಾದ ರಚನಕಾರನ ಆ್ಯಪು ಸೊನ್ನೆಯನ್ನೇ ಉತ್ತರವೆಂದು ಬರೆದುಕೊಳ್ಳುವುದುಂಟು. ಅದಕ್ಕೇ ಪರೀಕ್ಷಕರು ಫೋನನ್ನು ಬೇಕೆಂದೇ ಗಿನಿ ಕೊಲ್ಲಿಗೆ ಕಳಿಸಿ, ಆ್ಯಪು ಅದನ್ನು ಹೊಲವೆಂದು ಒಪ್ಪುತ್ತದೋ ಇಲ್ಲವೋ ಎಂದು ನೋಡುತ್ತಾರೆ.

ಒಂದು ಗುಂಟೆ, ನಾಲ್ಕನೆಯ ಅಂಕಿ

ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆಗೆ ಎಕರೆ. ಅಕ್ಷಾಂಶದ ಬಿಂದುವಿನ ಆಚೆ ನಾಲ್ಕನೆಯ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ ನೆಲದ ಮೇಲೆ 11 ಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆಯ ಅಂಚಿನಷ್ಟೇ ಸರಿಯುತ್ತದೆ. ಮೇಲೆ ಕೊಟ್ಟಂತೆ ಎರಡೇ ಅಂಕಿ ಇಟ್ಟುಕೊಂಡರೆ ಒಂದು ಕಿಲೋಮೀಟರಿನ ಸಂದೇಹ ಉಳಿಯುತ್ತದೆ. ಊರನ್ನು ಗುರುತಿಸಲು ಅದು ಸಾಕು, ಹೊಲವನ್ನು ಗುರುತಿಸಲು ಏನೇನೂ ಸಾಲದು.

ಈ ಸೀಮೆಯಲ್ಲಿ ತಂದೆಯ ನಾಲ್ಕೆಕರೆ ಮಕ್ಕಳ ಕೈಗೆ ಬರುವಾಗ ಹಿಸ್ಸಾ ಆಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಹಿಸ್ಸಾ. ಅಣ್ಣನ ಪಾಲಿನಲ್ಲಿ ಅರಿಷಿಣ, ತಮ್ಮನ ಪಾಲಿನಲ್ಲಿ ಕಬ್ಬು, ನಡುವೆ ಎರಡು ಅಡಿಯ ಬದು. ಬಯಲಿನಲ್ಲಿ, ಆಕಾಶ ತೆರೆದಿರುವಾಗ, ಸಾಮಾನ್ಯ ಮೊಬೈಲು ಐದು ಮೀಟರಿನ ಒಳಗೆ ಸ್ಥಳ ಹೇಳಬಲ್ಲದು. ಬದುವಿನ ಮೇಲೆ ನಿಂತವನನ್ನು ಅದು ಅಣ್ಣನ ಹೊಲದಲ್ಲಿಯೂ ತೋರಿಸಬಹುದು, ತಮ್ಮನ ಹೊಲದಲ್ಲಿಯೂ ತೋರಿಸಬಹುದು.

ಇದನ್ನು ಬಲ್ಲ ಫೋನು ತನ್ನ ಉತ್ತರದ ಜೊತೆಗೆ ಒಂದು ವೃತ್ತವನ್ನೂ ಕೊಡುತ್ತದೆ. ‘ನಿಖರತೆ 20 ಮೀಟರು’ ಎಂದರೆ, ಆಂಡ್ರಾಯ್ಡಿನ ಅರ್ಥದಲ್ಲಿ, ನಿಜವಾದ ಸ್ಥಳ ಆ ವೃತ್ತದೊಳಗೆ ಇರುವ ಸಂಭವ ನೂರಕ್ಕೆ 68. ಉಳಿದ 32? ಹೊರಗೆ ಎಲ್ಲಾದರೂ ಇರಬಹುದು. ಈ ವೃತ್ತವನ್ನು ಕಾಣಲಾರದ ಆ್ಯಪು, ಹೊಲದ ಮಾಲಿಕನಿಗೆ ‘ನೀವು ನಿಮ್ಮ ಹೊಲದಲ್ಲಿಲ್ಲ’ ಎಂದು ಹೇಳುವ ಧಾರ್ಷ್ಟ್ಯ ತೋರುತ್ತದೆ. ತಾತನ ಕಾಲದಿಂದ ಉತ್ತ ನೆಲದಲ್ಲಿ ನಿಂತವನಿಗೆ ಇದಕ್ಕಿಂತ ಕೆಡುಕಾದ ಮಾತು ಬೇರೆ ಯಾವುದಿದ್ದೀತು!

ಆದುದರಿಂದ ಒಳ್ಳೆಯ ಪರೀಕ್ಷಕನು ಹೊಲದ ನಟ್ಟನಡುವೆ ಫೋನನ್ನು ಇಟ್ಟು ತೃಪ್ತನಾಗುವುದಿಲ್ಲ. ಬದುವಿಗೆ ಒಂದು ಮೀಟರು ಒಳಗೆ, ಒಂದು ಮೀಟರು ಹೊರಗೆ, ಸರಿಯಾಗಿ ಬದುವಿನ ಮೇಲೆ, ನಾಲ್ಕು ಹಿಸ್ಸೆಗಳು ಕೂಡುವ ಮೂಲೆಯಲ್ಲಿ, ಹೀಗೆ ಇಟ್ಟಿಟ್ಟು ನೋಡುತ್ತಾನೆ. ತಾಲೂಕಿನ ಗಡಿಯಲ್ಲಿಯೂ ಇಡುತ್ತಾನೆ. ಈ ಸೀಮೆಯಲ್ಲಿ ಅದು ಅಗತ್ಯವೇ. ಇಲ್ಲಿಯ ಗಡಿಗಳಷ್ಟು ಬದಲಾದ ಗಡಿಗಳು ವಿರಳ. ಜಮಖಂಡಿ ಮುಧೋಳಗಳು ಪ್ರತ್ಯೇಕ ಸಂಸ್ಥಾನಗಳಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. 2018ರಲ್ಲಿ ಜಮಖಂಡಿಯ ಮಡಿಲಿನಿಂದ ರಬಕವಿ-ಬನಹಟ್ಟಿ ಬೇರೆ ತಾಲೂಕಾಯಿತು. ಆ್ಯಪಿನ ಹೊಟ್ಟೆಯಲ್ಲಿ ಹಳೆಯ ಗಡಿಯೇ ಉಳಿದಿದ್ದರೆ ಬನಹಟ್ಟಿಯ ನೇಕಾರನ ಅರ್ಜಿ ಜಮಖಂಡಿಯ ತಹಶೀಲದಾರರ ಮೇಜಿಗೆ ಹೋಗಿ ಅಲ್ಲಿಯೇ ಧೂಳು ತಿನ್ನಬಹುದು.

ಚಲಿಸುವ ಪರೀಕ್ಷೆಯೂ ಇದೆ. ಬಿಂದುಗಳ ಸಾಲನ್ನು ಜಿಪಿಎಕ್ಸ್ ಎಂಬ ಕಡತದಲ್ಲಿ ಬರೆದು ಕೊಟ್ಟರೆ ಎಮ್ಯುಲೇಟರು ಒಂದಾದ ಮೇಲೊಂದನ್ನು ಓದುತ್ತ ಸಾಗುತ್ತದೆ. ಮುಧೋಳದಿಂದ ಬೀಳಗಿಗೆ ಗಾಳಿಯ ದಾರಿಯಲ್ಲಿ 36 ಕಿಲೋಮೀಟರು. ಬಸ್ಸಿನವನಿಗೆ ಅದು ಇನ್ನೂ ಉದ್ದ. ಪರೀಕ್ಷಕನು ಬೇಕಾದರೆ ಐದು ಪಟ್ಟು ವೇಗದಲ್ಲಿ ಓಡಿಸಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೀಳಗಿ ಸೇರುತ್ತಾನೆ.

ನೀರಿನ ಮಟ್ಟ

ಬೀಳಗಿಯ ಹೆಸರು ಬಂದಾಗ ಎತ್ತರದ ಮಾತನ್ನು ಬಿಡುವಂತಿಲ್ಲ. ಆಲಮಟ್ಟಿಯ ಹಿನ್ನೀರು ಈ ತಾಲೂಕಿನ ಹೊಲಗಳ ಮೇಲೆ ನಿಂತಿದೆ. ಈಗಿನ ಜಲಮಟ್ಟ ಸಮುದ್ರಮಟ್ಟದಿಂದ 519.60 ಮೀಟರು. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿತು. ನಡುವಣ ನಾಲ್ಕೂವರೆ ಮೀಟರು ಚಿಲ್ಲರೆಯ ಮೇಲೆ ಹಲವು ಹಳ್ಳಿಗಳ ಬಾಳು ನಿಂತಿದೆ. ಮುಳುಗಲಿರುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯದ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿತು. ಎಂದರೆ ನೀರಾವರಿಯ ಒಂದು ಗುಂಟೆಗೆ ಒಂದು ಲಕ್ಷ. ನಾಲ್ಕನೆಯ ಅಂಕಿಯ ಬೆಲೆ ಇಷ್ಟು!

ಸ್ವಾಧೀನದ ಅಳತೆಯನ್ನು ಮೊಬೈಲಿನಿಂದ ಮಾಡುವುದಿಲ್ಲ, ಮಾಡಲೂ ಬಾರದು. ಆದರೆ ತನ್ನ ಮನೆ ಎಷ್ಟು ಎತ್ತರದಲ್ಲಿದೆಯೆಂದು ಮೊಬೈಲಿನಲ್ಲಿ ನೋಡಿಕೊಳ್ಳುವ ಆಸೆ ಯಾರಿಗೆ ತಾನೆ ಇರುವುದಿಲ್ಲ? ಅಲ್ಲಿ ದೊಡ್ಡದೊಂದು ಭ್ರಾಂತಿ ಕಾದಿದೆ. ಜಿಪಿಎಸ್ ಹೇಳುವ ಮೂಲ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದಲ್ಲ. ಭೂಮಿಯ ಆಕಾರಕ್ಕೆಂದು ಗಣಿತಜ್ಞರು ಕಲ್ಪಿಸಿದ ನುಣುಪಾದ ಗೋಲದಿಂದ ಎಣಿಸಿದ್ದು. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟವು ಆ ಕಲ್ಪಿತ ಗೋಲಕ್ಕಿಂತ ಐವತ್ತು ಮೀಟರಿಗೂ ಮಿಕ್ಕಿ ಕೆಳಗಿದೆ. ಆದ್ದರಿಂದ ಲೆಕ್ಕವನ್ನು ತಿದ್ದದ ಆ್ಯಪು, ಹಿನ್ನೀರಿಗಿಂತ ಎಷ್ಟೋ ಮೇಲಿರುವ ಮನೆಯನ್ನೂ ನೀರಿನ ತಳದಲ್ಲಿ ತೋರಿಸಿ ಮನೆಯವರ ನಿದ್ದೆಗೆಡಿಸಬಹುದು. ಎಮ್ಯುಲೇಟರಿಗೆ ಎತ್ತರವನ್ನು ಕೊಡುವಾಗ ಪರೀಕ್ಷಕನು ಯಾವ ಎತ್ತರವನ್ನು ಕೊಡುತ್ತಿದ್ದೇನೆಂದು ಅರಿತಿರಬೇಕು; ಬಹುಮಂದಿ ಆ ಅಂಕಣವನ್ನು ನೋಡುವುದೇ ಇಲ್ಲ.

ಸುಳ್ಳು ಹೇಳುವ ಫೋನು

ಪರೀಕ್ಷೆಗೆಂದು ಕಂಡುಹಿಡಿದ ವಿದ್ಯೆ ಪರೀಕ್ಷಕರ ಕೈಯಲ್ಲಿಯೇ ಉಳಿಯಲಿಲ್ಲ. ನಿಜವಾದ ಫೋನಿಗೂ ಸುಳ್ಳು ಸ್ಥಳವನ್ನು ಹೇಳಿಕೊಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ‘ಬಿಲ್ಡ್ ನಂಬರ್’ ಎಂಬುದನ್ನು ಏಳು ಬಾರಿ ಒತ್ತಿದರೆ ರಚನಕಾರರಿಗೆ ಮೀಸಲಾದ ಬಾಗಿಲು ತೆರೆಯುತ್ತದೆ. ಅದರೊಳಗೆ ಹುಸಿಸ್ಥಳವನ್ನು ಹೇಳುವ ಆ್ಯಪನ್ನು ಆರಿಸಿಕೊಳ್ಳುವ ಅವಕಾಶವಿದೆ. ಮುಧೋಳದ ಮಹಾಕವಿ ರನ್ನನ ದುರ್ಯೋಧನನು ತನ್ನ ಇರವನ್ನು ಮರೆಸಲು ವೈಶಂಪಾಯನ ಸರೋವರದ ತಳಕ್ಕೆ ಇಳಿಯಬೇಕಾಯಿತು. ಇಂದಿನವನಿಗೆ ಕಾಲು ಒದ್ದೆಯಾಗುವ ಶ್ರಮವೂ ಇಲ್ಲ.

ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು ಸ್ಥಳ ಮತ್ತು ಹೊತ್ತಿನ ಮುದ್ರೆಯೊಡನೆ ಚಿತ್ರ ತೆಗೆದು ಕಳಿಸುವ ಪದ್ಧತಿ 2021ರಲ್ಲಿ ಮೊದಲಾಗಿ 2023ರ ಜನವರಿ 1ರಿಂದ ದೇಶದಲ್ಲೆಲ್ಲ ಕಡ್ಡಾಯವಾಯಿತು. ಕೆರೆಯ ಹೂಳೆತ್ತುವ ಕೆಲಸದ ಹಾಜರಿಯನ್ನು ಮನೆಯ ಕಟ್ಟೆಯ ಮೇಲೆ ಕುಳಿತು ಹಾಕುವವನನ್ನು ತಡೆಯುವುದೇ ಅದರ ಉದ್ದೇಶಗಳಲ್ಲೊಂದು. ಫೋನು ಸುಳ್ಳು ಹೇಳಬಹುದಾದರೆ ಇಂಥ ಪದ್ಧತಿಯ ಬುಡವೇ ಅಲುಗುತ್ತದೆ. ಇದಕ್ಕೆ ಪ್ರತಿಯಾಗಿ, ಬಂದ ಸ್ಥಳ ಹುಸಿಯೋ ಎಂದು ಆ್ಯಪು ಫೋನನ್ನೇ ಕೇಳುವ ವ್ಯವಸ್ಥೆಯನ್ನು ಆಂಡ್ರಾಯ್ಡ್ ಒದಗಿಸಿದೆ. ಫೋನಿನ ಒಳಾಡಳಿತವನ್ನೇ ಕೈಗೆ ತೆಗೆದುಕೊಂಡ ಚತುರರು ಆ ಉತ್ತರವನ್ನೂ ಬದಲಿಸಬಲ್ಲರೆನ್ನಿ. ಕಳ್ಳ ಒಂದು ಕದವನ್ನು ಕಂಡುಕೊಂಡರೆ ಮನೆಯವನು ಎರಡು ಬೀಗ ಹಾಕುವ ಈ ಆಟ ಮುಗಿಯುವಂಥದಲ್ಲ.

ವಿಷಾದದ ಸಂಗತಿಯೆಂದರೆ ಬೀಗದ ಭಾರ ಬೀಳುವುದು ಹೆಚ್ಚಾಗಿ ಪ್ರಾಮಾಣಿಕನ ಮೇಲೆ. ಮೋಸವನ್ನು ತಡೆಯಲೆಂದು ನಿಖರತೆಯ ಮಿತಿಯನ್ನು 20 ಮೀಟರಿನಿಂದ 5ಕ್ಕೆ ಇಳಿಸಿದರೆ ಹುಸಿಸ್ಥಳದ ಚತುರನಿಗೆ ಏನೂ ತೊಡಕಿಲ್ಲ. ಅವನು ‘ನಿಖರತೆ 1 ಮೀಟರು’ ಎಂದೇ ಬರೆದುಕೊಳ್ಳುತ್ತಾನೆ. ತೊಡಕಾಗುವುದು ಅಗ್ಗದ ಹಳೆಯ ಮೊಬೈಲು ಹಿಡಿದು, ಬಿಸಿಲಿನಲ್ಲಿ ಹೊಲದ ನಡುವೆ ನಿಂತು, ಪರದೆಯ ಮೇಲೆ ಸುತ್ತುವ ಚಕ್ರವನ್ನು ನೋಡುತ್ತಿರುವ ಮುದುಕನಿಗೆ.

ಕಬ್ಬಿನ ನಡುವೆ

ಎಮ್ಯುಲೇಟರಿನ ದೊಡ್ಡ ಕೊರತೆ, ಅದು ಅತಿ ಸತ್ಯಸಂಧವಾಗಿರುವುದು. ಬದುವಿನ ಮೇಲೆ ಇರು ಎಂದರೆ ಬದುವಿನ ಮೇಲೆಯೇ ಇರುತ್ತದೆ, ಕೂದಲೆಳೆಯಷ್ಟೂ ಕದಲುವುದಿಲ್ಲ. ನಿಜವಾದ ಫೋನು ಹಾಗಲ್ಲ. ಆಳೆತ್ತರ ಮೀರಿ ಬೆಳೆದ ಕಬ್ಬಿನ ನಡುವೆ ನಿಂತರೆ ಆಕಾಶದ ಬಹುಭಾಗ ಮರೆಯಾಗುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳು ಮೊದಲೇ ಕ್ಷೀಣವಾದ ಸಾರಿಕೆಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಬನಹಟ್ಟಿಯ ಇಕ್ಕಟ್ಟಾದ ಓಣಿಯಲ್ಲಿ ಸಾರಿಕೆಯು ಗೋಡೆಗೆ ಬಡಿದು ತಿರುಗಿ ಬಂದು ದೂರದ ಲೆಕ್ಕವನ್ನು ಕೆಡಿಸುತ್ತದೆ. ವಿದ್ಯುತ್ ಮಗ್ಗಗಳು ಸದ್ದು ಮಾಡುವ ಮಾಡಿನೊಳಗೆ ಹೊಕ್ಕರೆ ಫೋನು ಉಪಗ್ರಹಗಳನ್ನು ಕಾಣದೆ ಟವರುಗಳನ್ನೂ ವೈಫೈಯನ್ನೂ ಆಶ್ರಯಿಸಿ, ನೂರಾರು ಮೀಟರಿನ ದೊಡ್ಡ ವೃತ್ತವೊಂದನ್ನು ಎಳೆದು ಕೈತೊಳೆದುಕೊಳ್ಳುತ್ತದೆ. ನಿಂತಲ್ಲೇ ನಿಂತವನ ಗುರುತು ಪರದೆಯ ಮೇಲೆ ಅತ್ತಿತ್ತ ಅಲೆದಾಡುತ್ತದೆ. ಈ ತೊಳಲಾಟವೊಂದೂ ಬೆಂಗಳೂರಿನ ಪರದೆಗೆ ತಾನಾಗಿ ಬರುವುದಿಲ್ಲ.

ಇದನ್ನು ಅರಿತ ಕೆಲವರು ಮಾಡುವುದು ಹೀಗೆ. ವರ್ಷಕ್ಕೊಮ್ಮೆ ಇಬ್ಬರು ಹೊಲಕ್ಕೇ ಬರುತ್ತಾರೆ. ಕಬ್ಬು ಕಟಾವಿಗೆ ಬಂದ ಕಾಲವನ್ನೇ ಆರಿಸಿಕೊಂಡು, ಆ ಊರಿನವರು ಬಳಸುವಂಥದೇ ಅಗ್ಗದ ಮೊಬೈಲು ಹಿಡಿದು, ರೈತನ ಹಿಂದೆ ಬದುವಿನುದ್ದಕ್ಕೂ ನಡೆಯುತ್ತಾರೆ, ಒಳಗೆ ಹೋಗಿ ನಿಲ್ಲುತ್ತಾರೆ, ಹೊರಬರುತ್ತಾರೆ. ಫೋನು ಆಗ ಕಂಡ ಪ್ರತಿಯೊಂದು ಬಿಂದುವೂ, ಅದು ದಾರಿ ತಪ್ಪಿ ಪಕ್ಕದವನ ಹೊಲಕ್ಕೆ ನೆಗೆದುದೂ, ಹತ್ತು ನಿಮಿಷ ಏನೂ ಕಾಣದೆ ಕುರುಡಾಗಿ ನಿಂತುದೂ, ಇದ್ದುದಿದ್ದಂತೆ ಜಿಪಿಎಕ್ಸ್ ಕಡತದಲ್ಲಿ ದಾಖಲಾಗುತ್ತದೆ. ಆ ಕಡತವನ್ನು ಕಚೇರಿಗೆ ಒಯ್ದು ಎಮ್ಯುಲೇಟರಿನಲ್ಲಿ ಹರಿಯಬಿಟ್ಟರೆ, ಅದೇ ಕಬ್ಬಿನ ನಡುವೆ ಅದೇ ಫೋನು ಮತ್ತೊಮ್ಮೆ ತಡವರಿಸುತ್ತ ನಡೆಯುತ್ತದೆ. ಆ್ಯಪಿನ ಒಂದು ಸಾಲು ತಿದ್ದಿದಾಗಲೆಲ್ಲ ಅದನ್ನು ನಡೆಸಿ ನೋಡುತ್ತಾರೆ. ಕಬ್ಬು ಕಟಾವಾಗಿ, ಕಾರ್ಖಾನೆಯಲ್ಲಿ ನುರಿದು, ಕೂಳೆ ಚಿಗುರಿ ಮತ್ತೆ ಎದೆಯೆತ್ತರಕ್ಕೆ ಬಂದ ಮೇಲೂ, ಹಿಂದಿನ ವರ್ಷದ ಆ ಬೆಳೆಯಲ್ಲಿ ದಿನಕ್ಕೆ ಹತ್ತಾರು ಸಲ ಆ ಇಬ್ಬರ ನಡಿಗೆ ನಡೆದೇ ಇರುತ್ತದೆ.